ಒಂದು ಓಟೆ, ಏಳು ತೂತು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಂಗಡಿಯಿಂದ ತಂದ ಆಟದ ಸಾಮಾನು ಒಂದೂ ಇರಲಿಲ್ಲ ಎಂದರೆ ನನ್ನ ಮೊಮ್ಮಕ್ಕಳು "ಪಾಪ ಅಜ್ಜ" ಎಂದು ಮುಖ ಸಣ್ಣದು ಮಾಡುತ್ತಾರೆ. ಪಾಪ ಏನೂ ಇಲ್ಲ. ಬೇಕಾದದ್ದನ್ನು ನಾವೇ ಮಾಡಿಕೊಳ್ಳುತ್ತಿದ್ದೆವು, ಮಾಡುವಾಗ ಆಗುವ ಜಗಳದಲ್ಲೇ ಅರ್ಧ ಆಟ ಮುಗಿದಿರುತ್ತಿತ್ತು. ಇದು ಅಂಥ ಒಂದು ಜಗಳದ ಕತೆ. ನೀರು ಹಾರಿಸುವ ಪಿಚಕಾರಿಗೆ ಒಂದು ತೂತು ಬೇಕೋ, ಹಲವು ತೂತು ಬೇಕೋ ಎಂದು ನಾನೂ ಅಕ್ಕನೂ ಮೂರು ದಿನ ಜಗಳವಾಡಿದೆವು. ನಾಲ್ಕನೆಯ ದಿನ ಅದನ್ನು ತೀರ್ಮಾನ ಮಾಡಿದ್ದು ಜೇನುನೊಣಗಳು.

ನಮ್ಮ ಮನೆ ಮೂಡುಬಿದಿರೆ ಪೇಟೆಯಿಂದ ಅರ್ಧ ಗಂಟೆ ನಡೆಯುವಷ್ಟು ಒಳಗೆ ಇತ್ತು. ಅಜ್ಜಿ, ಅಪ್ಪ, ಅಮ್ಮ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ, ಕೊನೆಗೆ ನಾನು. ಆ ವಾರ ಅಮ್ಮ ಮಡಂತ್ಯಾರಿನ ತವರಿಗೆ ಹೋಗಿದ್ದರು. ನಾವು ಜೈನರು. ಅದರಲ್ಲೂ ಅಜ್ಜಿಯ ನೇಮ ಬಹಳ ಕಟ್ಟುನಿಟ್ಟು. ಹೊತ್ತು ಮುಳುಗಿದ ಮೇಲೆ ಅವರ ಬಾಯಿಗೆ ಒಂದು ಅಗುಳು ಅನ್ನ ಹೋಗುತ್ತಿರಲಿಲ್ಲ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯ ಎರಡು ಮಡಿಕೆಯಲ್ಲಿ ಸೋಸದೆ ಅವರು ಮುಟ್ಟುತ್ತಿರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಇರುತ್ತವೆ, ಅವುಗಳಿಗೆ ನಮ್ಮಿಂದ ನೋವಾಗಬಾರದು ಎಂದು ಹೇಳುತ್ತಿದ್ದರು. ಆಟಕ್ಕೆ ತೆಗೆದುಕೊಂಡ ನೀರನ್ನೂ ಸೋಸಬೇಕೆಂದು ಅವರು ಹೇಳಿದಾಗ ನಾನು ತಲೆಯಾಡಿಸುತ್ತಿದ್ದೆ, ಅವರು ಆಚೆ ಹೋದೊಡನೆ ಹಾಗೆಯೇ ಮುಳುಗಿಸಿ ತುಂಬಿಸಿಕೊಳ್ಳುತ್ತಿದ್ದೆ. ನಾನು ಅಷ್ಟೇನೂ ಒಳ್ಳೆಯ ಹುಡುಗನಾಗಿರಲಿಲ್ಲ.

ಜಗಳಕ್ಕೆ ಕಾರಣ ಒಂದು ಓಟೆ. ಓಟೆ ಎಂದರೆ ಬಿದಿರಿನ ಜಾತಿಯದೇ, ಆದರೆ ಸಪೂರ. ಅದರ ಗೋಡೆ ತೆಳು, ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಒಂದು ಮೊಳಕ್ಕಿಂತ ಹೆಚ್ಚು ಉದ್ದ. ಘಟ್ಟದ ಬುಡದಲ್ಲಿ ಅದು ಬೇಕಾದಷ್ಟು ಬೆಳೆಯುತ್ತದೆ, ನಮ್ಮ ಕಡೆ ಸಿಗುತ್ತಿರಲಿಲ್ಲ. ಅಪ್ಪ ಬೆಳ್ತಂಗಡಿ ಕಡೆಗೆ ಹೋಗಿದ್ದಾಗ ಬಟ್ಟೆ ಒಣಗಿಸಲು ಒಂದು ಉದ್ದದ ಓಟೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದರು. ಅಳತೆಗೆ ಕತ್ತರಿಸಿದಾಗ ಒಂದು ತುಂಡು ಉಳಿಯಿತು. ಆ ತುಂಡಿನಲ್ಲಿ ಒಂದೇ ಒಂದು ಗಂಟು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಏನು ಬೇಕಾದರೂ ಮಾಡಿಕೋ ಎಂದರು. ಹೊರಗೆ ನಯವಾಗಿ, ಒಳಗೆ ಒಣ ಹುಲ್ಲಿನ ವಾಸನೆ ಇದ್ದ ಆ ತುಂಡನ್ನು ನಾನು ರಾತ್ರಿ ಚಾಪೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ.

ಪಿಚಕಾರಿ ಮಾಡುವುದು ಹೇಗೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಓಟೆಯ ಒಂದು ತುದಿ ತೆರೆದಿರಬೇಕು, ಇನ್ನೊಂದು ತುದಿಯಲ್ಲಿ ಗಂಟು ಇರಬೇಕು. ಗಂಟಿನ ನಡುವಿನ ತೆಳು ಪರದೆಗೆ ತೂತು ಕೊರೆಯಬೇಕು. ತೆರೆದ ತುದಿಯಿಂದ ಒಂದು ಕೋಲು ತೂರಿಸಬೇಕು, ಕೋಲಿನ ತಲೆಗೆ ಬಟ್ಟೆ ಸುತ್ತಿ ನೂಲಿನಿಂದ ಬಿಗಿಯಾಗಿ ಕಟ್ಟಿರಬೇಕು. ತೂತನ್ನು ನೀರಿನಲ್ಲಿ ಮುಳುಗಿಸಿ ಕೋಲನ್ನು ಎಳೆದರೆ ನೀರು ಒಳಗೆ ಬರುತ್ತದೆ, ದೂಡಿದರೆ ಹಾರುತ್ತದೆ. ಬಟ್ಟೆ ಒದ್ದೆಯಾದರೆ ಉಬ್ಬಿಕೊಂಡು ಬಿಗಿಯಾಗುತ್ತದೆ ಎಂದು ಕಂಡುಹಿಡಿದವಳು ಅಕ್ಕ. ಅದಕ್ಕೂ ಮೊದಲು ನನ್ನ ಪಿಚಕಾರಿಗಳು ಮುಂದಕ್ಕೆ ಹಾರಿಸುವುದಕ್ಕಿಂತ ಹೆಚ್ಚು ನೀರನ್ನು ನನ್ನ ಅಂಗಿಯೊಳಗೇ ಸುರಿಯುತ್ತಿದ್ದವು.

ಓಟೆ ಸಿಗುವ ಮೊದಲು ನಾವು ಪಪ್ಪಾಯಿ ಎಲೆಯ ದಂಟಿನಿಂದ ಮಾಡುತ್ತಿದ್ದೆವು. ಅದು ಒಳಗೆ ತಾನಾಗಿಯೇ ಟೊಳ್ಳು. ಆದರೆ ಒಂದು ದಿನದಲ್ಲಿ ಬಾಡಿ ಸೀಳಿಹೋಗುತ್ತಿತ್ತು, ಕೈಗೆಲ್ಲ ಅದರ ಹಾಲು ಅಂಟುತ್ತಿತ್ತು. ಓಟೆಯದಾದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಗಂಟು ಒಂದೇ ಇರುವುದರಿಂದ ತೂತು ಒಮ್ಮೆ ಕೊರೆದರೆ ಮುಗಿಯಿತು, ಹಿಂದಕ್ಕೆ ಹೋಗುವ ಹಾಗಿಲ್ಲ.

ನನಗೆ ನಡುವಿನಲ್ಲಿ ಒಂದೇ ತೂತು ಬೇಕಿತ್ತು. ನೀರು ಅಂಗಳ ದಾಟಿ, ನೆಲ್ಲಿಮರ ದಾಟಿ, ಗದ್ದೆಯಂಚಿನ ಹುಣಿಯವರೆಗೆ ಹೋಗಬೇಕು ಎಂದು ನನ್ನ ಆಸೆ. ಶಾಲೆಯಲ್ಲಿ ಆಗಲೇ ಕೊಚ್ಚಿಕೊಂಡೂ ಆಗಿತ್ತು. ಅಕ್ಕನ ಯೋಚನೆ ಬೇರೆ. ಅವಳಿಗೆ ದೂರ ಹಾರಿಸುವ ಆಸೆ ಇರಲಿಲ್ಲ, ಏನಾಗುತ್ತದೆ ಎಂದು ನೋಡುವ ಆಸೆ. ಅವಳು ಮೂರು ಪಪ್ಪಾಯಿ ದಂಟುಗಳ ಬಾಯಿಗೆ ಗೇರೆಲೆ ಮಡಚಿ ಕಟ್ಟಿ, ಒಂದಕ್ಕೆ ದೊಡ್ಡ ತೂತು, ಒಂದಕ್ಕೆ ಸಣ್ಣ ತೂತು, ಮತ್ತೊಂದಕ್ಕೆ ಸೂಜಿಯಿಂದ ಹಲವು ತೂತು ಚುಚ್ಚಿದಳು. ಅಂಗಳದಲ್ಲಿ ಬೂದಿಯಿಂದ ಗೆರೆ ಎಳೆದು ಒಂದೊಂದನ್ನೇ ಹಾರಿಸಿ ಹೆಜ್ಜೆ ಅಳೆದಳು. ದೊಡ್ಡ ತೂತಿನ ನೀರು ಕಾಲಬುಡದಲ್ಲೇ ಬಿತ್ತು. ಸಣ್ಣ ತೂತಿನದ್ದು ನೆಲ್ಲಿಮರದವರೆಗೆ ಹೋಯಿತು. ಹಲವು ತೂತಿನದ್ದು ದೂರ ಹೋಗಲಿಲ್ಲ, ಗಾಳಿಯಲ್ಲಿ ಹರಡಿ ನಮ್ಮ ಮುಖದ ಮೇಲೆಯೇ ತಣ್ಣಗೆ ಇಳಿಯಿತು. ಸಣ್ಣ ಬಾಗಿಲಿನಿಂದ ಹೊರಟ ನೀರು ದೊಡ್ಡ ಬಾಗಿಲಿನಿಂದ ಹೊರಟ ನೀರಿಗಿಂತ ದೂರ ಹೋಗುವುದು ಯಾಕೆ ಎಂದು ಅಕ್ಕ ಇಡೀ ಸಂಜೆ ಯೋಚಿಸಿದಳು. ನನಗೆ ಯಾಕೆ ಎಂಬುದು ಬೇಡವಾಗಿತ್ತು, ನೆಲ್ಲಿಮರ ಸಾಕಾಗಿತ್ತು.

ನಾಲ್ಕನೆಯ ದಿನ ಭಾನುವಾರ. ಹಿಂದಿನ ದಿನ ಅಜ್ಜಿಗೆ ಉಪವಾಸ. ಅವರ ಉಪವಾಸವೆಂದರೆ ಅವಲಕ್ಕಿ, ಬಾಳೆಹಣ್ಣಿನ ಉಪವಾಸವಲ್ಲ. ಒಂದು ಹನಿ ನೀರೂ ಇಲ್ಲ. ಮರುದಿನ ಬಸದಿಗೆ ಹೋಗಿ ಪೂಜೆ ಮುಗಿಸಿ ಬಂದು, ಆಗಷ್ಟೇ ಸೇದಿ ಸೋಸಿದ ನೀರು ಕುಡಿದು ಉಪವಾಸ ಬಿಡುವುದು. ಅದೂ ನಮ್ಮ ಬಾವಿಯ ನೀರಿನಿಂದಲೇ ಬಿಡುತ್ತೇನೆಂದು ವ್ರತ ಹಿಡಿಯುವಾಗ ದೇವರ ಮುಂದೆ ಹೇಳಿಕೊಂಡಿದ್ದರು. ಬಸದಿಯಿಂದ ಬಂದು ಕೊಡಪಾನ, ಸೋಸುವ ಬಟ್ಟೆ ಹಿಡಿದು ಹಿತ್ತಿಲಿಗೆ ಹೋದ ಅಜ್ಜಿ ಬಾವಿಯಿಂದ ನಾಲ್ಕು ಮಾರು ಹಿಂದೆಯೇ ನಿಂತುಬಿಟ್ಟರು.

ಬಾವಿಯ ಮೇಲಿನ ಅಡ್ಡ ಮರದಲ್ಲಿ, ರಾಟೆಯ ಪಕ್ಕದಲ್ಲಿ, ಒಂದು ಎಳೆ ಹಲಸಿನಕಾಯಿಯಷ್ಟು ದೊಡ್ಡದಾಗಿ ಜೇನುನೊಣಗಳ ಹಿಂಡು ನೇತಾಡುತ್ತಿತ್ತು. ಕಂದು ಬಣ್ಣದ ಆ ಮುದ್ದೆ ಒಳಗಿಂದಲೇ ಅಲುಗಾಡುತ್ತಿತ್ತು. ಸುತ್ತ ಇನ್ನೂ ನೂರಾರು ನೊಣಗಳು ಹಾರುತ್ತಿದ್ದವು. ಆ ಗುಂಯ್ ಶಬ್ದ ಕಿವಿಗಿಂತ ಹೆಚ್ಚು ಎದೆಗೆ ಕೇಳಿಸುತ್ತಿತ್ತು. ಹಗ್ಗ ಮುಟ್ಟಿದರೆ ರಾಟೆ ತಿರುಗುತ್ತದೆ, ರಾಟೆ ತಿರುಗಿದರೆ ಹಿಂಡು ಏಳುತ್ತದೆ.

ಅಪ್ಪ ನೆರೆಮನೆಯ ಮಾಸ್ಟ್ರನ್ನು ಕರೆದುಕೊಂಡು ಬಂದರು. ಅವರು ಅಕ್ಕನ ಶಾಲೆಯ ಮಾಸ್ಟ್ರು, ಮನೆಯಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದವರು. ಗೂಡಿನಲ್ಲಿ ನೊಣಗಳು ಹೆಚ್ಚಾದರೆ ಅರ್ಧ ಹಿಂಡು ರಾಣಿಯ ಜೊತೆ ಹೊಸ ಮನೆ ಹುಡುಕಲು ಹೊರಡುತ್ತದೆ, ದಾರಿಯಲ್ಲಿ ಹೀಗೆ ಎಲ್ಲಾದರೂ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಎಷ್ಟು ಹೊತ್ತು ಕೂರುತ್ತವೆ ಎಂದು ಅಪ್ಪ ಕೇಳಿದ್ದಕ್ಕೆ, ಒಂದು ಗಂಟೆಯೂ ಆಗಬಹುದು, ನಾಳೆ ಮಧ್ಯಾಹ್ನವೂ ಆಗಬಹುದು ಎಂದರು. ತೆಂಗಿನ ಗರಿಯ ಸೂಟೆ ಹೊತ್ತಿಸಿ ಹೊಗೆ ಹಾಕಿದರೆ ಏಳುತ್ತವೆ, ಆದರೆ ಸುಮಾರು ನೊಣಗಳು ಸಾಯುತ್ತವೆ. ಆ ಮಾತು ಮುಗಿಯುವ ಮೊದಲೇ ಅಜ್ಜಿ ಬೇಡ ಎಂದು ಕೈ ಅಲ್ಲಾಡಿಸಿದರು.

"ಒಂದು ನೊಣವೂ ಬಾವಿಗೆ ಬೀಳಬಾರದು," ಎಂದರು ಅಜ್ಜಿ. "ಅವುಗಳ ಜೀವ ತೆಗೆದು ನಾನು ನೀರು ಕುಡಿಯುವುದಿಲ್ಲ. ಹೋಗುವಾಗ ಹೋಗಲಿ, ನಾನು ಕೂತಿರ್ತೇನೆ."

ಅವರು ಹೋಗಿ ಜಗಲಿಯ ಕಂಬಕ್ಕೆ ಒರಗಿ ಜಪಮಾಲೆ ಹಿಡಿದು ಕೂತರು. ಹೊತ್ತು ಮುಳುಗಿದರೆ ಆಮೇಲೆ ನೀರಿಲ್ಲ, ಊಟವಿಲ್ಲ. ಮತ್ತೆ ಮರುದಿನ ಬೆಳಿಗ್ಗೆಯೇ. ಎಪ್ಪತ್ತು ದಾಟಿದ ಅಜ್ಜಿ ನೀರಿಲ್ಲದೆ ಎರಡು ಹಗಲು, ಎರಡು ರಾತ್ರಿ ಇರಬೇಕು. ಅವರ ತುಟಿ ಬಿರಿದದ್ದು ನನಗೆ ಕಾಣುತ್ತಿತ್ತು. ನನಗೂ ಅಕ್ಕನಿಗೂ ಊಟಕ್ಕೆ ಕರೆದು ಬಡಿಸಿದರು, ಬೆಳಿಗ್ಗೆ ತುಂಬಿಸಿಟ್ಟ ನೀರು ನಮಗೆ ಆಗುತ್ತಿತ್ತು. ಅಕ್ಕ ಅನ್ನದಲ್ಲಿ ಬೆರಳಾಡಿಸಿ ಎದ್ದಳು. ನಾನು ತಿಂದೆ, ಆದರೆ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಮಧ್ಯಾಹ್ನದ ಮೇಲೂ ಹಿಂಡು ಕದಲಲಿಲ್ಲ. ಮಾಸ್ಟ್ರು ಒಂದು ದೊಡ್ಡ ಬುಟ್ಟಿ ತಂದು ಬಾವಿಕಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ಬುಟ್ಟಿ ಹಿಡಿದು ಕೈ ಎತ್ತಿದಾಗಲೆಲ್ಲ ನೊಣಗಳು ಏಳುತ್ತಿದ್ದವು, ಕೈ ಇಳಿಸಿದರೆ ಮತ್ತೆ ಕೂರುತ್ತಿದ್ದವು. ಒಂದು ಸಣ್ಣ ಮಳೆ ಬಂದರೆ ಚೆಂದ ಇತ್ತು ಎಂದರು ಅವರು. ಮಳೆ ಹನಿಸಿದರೆ ಹಾರುವ ನೊಣಗಳೂ ಬಂದು ಹಿಂಡಿಗೆ ಅಂಟಿಕೊಳ್ಳುತ್ತವೆ, ಎಲ್ಲವೂ ಒತ್ತಾಗಿ ಅಲುಗಾಡದೆ ಕೂರುತ್ತವೆ, ಆಗ ಬುಟ್ಟಿಗೆ ಇಳಿಸುವುದು ಸುಲಭ. ಆದರೆ ಗದ್ದೆ ಕೊಯ್ಲು ಮುಗಿದ ತಿಂಗಳಲ್ಲಿ ಮಳೆ ಎಲ್ಲಿಂದ ಬರಬೇಕು? ಅಪ್ಪ ಮಾವಿನ ಸೊಪ್ಪು ಅದ್ದಿ ಕೊಡವಿ ನೋಡಿದರು. ಹನಿಗಳು ದಪ್ಪವಾಗಿ ಅಲ್ಲೊಂದು ಇಲ್ಲೊಂದು ಬಿದ್ದವು, ನೊಣಗಳು ಸಿಟ್ಟಿಗೆದ್ದವು. ಸೈಕಲ್ ಪಂಪಿನಿಂದ ನೀರು ಹಾರಿಸುವ ಎಂದು ಅಪ್ಪನೇ ಹೇಳಿ, ಅದರೊಳಗೆ ತೊಗಲಿನ ವಾಶರ್ ಉಂಟು ಎಂದು ನೆನಪಾಗಿ ಸುಮ್ಮನಾದರು. ತೊಗಲನ್ನು ಬಾವಿಯ ಹತ್ತಿರ ತರುವ ಹಾಗಿರಲಿಲ್ಲ.

ಅಕ್ಕ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದಳು. ಅವಳು ಬೇಡಲಿಲ್ಲ, ಗದರಿಸಲೂ ಇಲ್ಲ. ಒಂದು ತೂತಿನ ನೀರು ಕೋಲಿನ ಹಾಗೆ ಹೋಗಿ ಹೊಡೆಯುತ್ತದೆ, ನೊಣಗಳು ಬಾವಿಗೆ ಬೀಳುತ್ತವೆ, ಹಲವು ತೂತಿನದ್ದಾದರೆ ಮಳೆಯ ಹಾಗೆ ಇಳಿಯುತ್ತದೆ ಎಂದಳು. ಪಪ್ಪಾಯಿ ದಂಟಿಗೆ ಅಷ್ಟು ಮೇಲಕ್ಕೆ ಹಾರಿಸುವ ಬಲ ಇಲ್ಲ, ಓಟೆಗೆ ಉಂಟು. ಗಂಟಿನಲ್ಲಿ ನಡುವೆ ಒಂದು, ಸುತ್ತ ಆರು ತೂತು ಹಿಡಿಸುತ್ತದೆ ಎಂದು ಅವಳು ಆಗಲೇ ಲೆಕ್ಕ ಹಾಕಿದ್ದಳು.

"ಓಟೆ ನಿನ್ನದು," ಎಂದಳು. "ಒಮ್ಮೆ ಕೊರೆದ್ರೆ ಮತ್ತೆ ಅದು ನೆಲ್ಲಿಮರ ದಾಟುವುದಿಲ್ಲ. ನೀನೇ ಹೇಳು."

ನಾನು ತಕ್ಷಣ ಹೂಂ ಎಂದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಸುಳ್ಳು. ನಾನು ಓಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ದನದ ಹಟ್ಟಿಯ ಹಿಂದೆ ಹೋಗಿ ನಿಂತೆ. ಶಾಲೆಯಲ್ಲಿ ಏನು ಹೇಳುವುದು ಎಂದು ಯೋಚಿಸಿದೆ. ಅಜ್ಜಿಗೆ ಇಷ್ಟು ಹಠ ಯಾಕೆ ಎಂದು ಸಿಟ್ಟೂ ಬಂತು. ಆಮೇಲೆ ಜಗಲಿಯ ಕಡೆ ನೋಡಿದೆ. ಅಜ್ಜಿ ಜಪಮಾಲೆ ಮಡಿಲಲ್ಲಿ ಬಿಟ್ಟು ಕಣ್ಣು ಮುಚ್ಚಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ನನಗೆ ಹೆದರಿಕೆಯಾಯಿತು. ಓಡಿಹೋಗಿ ಓಟೆಯನ್ನು ಅಕ್ಕನ ಕೈಗೆ ಕೊಟ್ಟೆ.

ಅಕ್ಕ ಹೊಲಿಗೆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಕೆಂಡದಲ್ಲಿ ಕೆಂಪಾಗಿಸಿದಳು. ಗಂಟಿಗೆ ತಾಗಿಸಿದಾಗ ಸಣ್ಣಗೆ ಹೊಗೆ ಎದ್ದು ಸುಟ್ಟ ಬಿದಿರಿನ ಸಿಹಿ ವಾಸನೆ ಬಂತು. ಒಂದು ತೂತಿಗೆ ನಾಲ್ಕು ಬಾರಿ ಸೂಜಿ ಕಾಯಿಸಬೇಕಾಯಿತು. ನಾನು ಅಷ್ಟರಲ್ಲಿ ಕೋಲಿಗೆ ಅಪ್ಪನ ಹಳೆ ಪಂಚೆಯ ಚೂರು ಸುತ್ತಿ ಕಟ್ಟಿದೆ. ಏಳನೆಯ ತೂತು ಕೊರೆದು ಮುಗಿಯುವಾಗ ತೆಂಗಿನಮರದ ನೆರಳು ಅಂಗಳ ದಾಟಿ ಗೋಡೆ ಹತ್ತಲು ಶುರುಮಾಡಿತ್ತು.

ಹಾರಿಸುವವನು ನಾನೇ ಎಂದಾಯಿತು, ಮೂರು ದಿನ ಪಪ್ಪಾಯಿ ದಂಟಿನಲ್ಲಿ ಗುರಿ ಅಭ್ಯಾಸ ಮಾಡಿದವನು ನಾನು ತಾನೇ. ಮಾಸ್ಟ್ರು ತಮ್ಮ ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ನನ್ನ ತಲೆ, ಮುಖಕ್ಕೆ ಸುತ್ತಿ ಕಣ್ಣು ಮಾತ್ರ ಬಿಟ್ಟರು. ಓಡಬಾರದು, ಕೈ ಬೀಸಬಾರದು ಎಂದು ಹೇಳಿ ನನ್ನ ಹೆಗಲು ಹಿಡಿದು ನಿಂತರು. ನಾನು ಬಚ್ಚಲಿನ ಹಂಡೆಯಿಂದ ಗಡಿಬಿಡಿಯಲ್ಲಿ ನೀರೆಳೆದುಕೊಂಡು ಬಂದು, ಮೇಲಕ್ಕೆ ಗುರಿ ಹಿಡಿದು ದೂಡಿದೆ.

ಏಳು ತೂತುಗಳಲ್ಲಿ ಐದರಿಂದ ನೀರೇ ಬರಲಿಲ್ಲ. ಉಳಿದ ಎರಡರಿಂದ ಚೂಪಾಗಿ ಹೊರಟ ನೀರು ಹಿಂಡಿನ ಬದಿಗೆ ಬಡಿಯಿತು. ಒಂದು ಹಿಡಿಯಷ್ಟು ನೊಣಗಳು ಕಳಚಿಕೊಂಡು ಕೆಳಕ್ಕೆ ಜಾರಿ, ಬಾವಿಯ ಬಾಯಿಗೆ ಬರುವಷ್ಟರಲ್ಲಿ ರೆಕ್ಕೆ ಬಿಚ್ಚಿ ಮೇಲಕ್ಕೆ ಹಾರಿದವು. ಮಾಸ್ಟ್ರು ನನ್ನ ಕೈ ತಡೆದರು. ಅಕ್ಕ ಓಟೆಯ ಬಾಯಿ ನೋಡಿದಳು. ಹಂಡೆಯ ನೀರಿನಲ್ಲಿದ್ದ ಒಲೆಯ ಬೂದಿ, ಮಸಿ ತೂತುಗಳಲ್ಲಿ ಸಿಕ್ಕಿಕೊಂಡಿತ್ತು. ನನಗೆ ಅಳು ಬಂತು. ಅಜ್ಜಿ ಯಾವಾಗ ಎದ್ದು ಬಂದರೋ ಗೊತ್ತಿಲ್ಲ, ನನ್ನ ಹಿಂದೆಯೇ ನಿಂತಿದ್ದರು.

"ಸೋಸಲಿಲ್ಲ ಅಲ್ವಾ ಮಗಾ?" ಎಂದರು. ಬೈಗುಳದ ಧ್ವನಿಯಲ್ಲ, ಗಂಟಲು ಒಣಗಿ ಪಿಸುಮಾತಿನಂತೆ ಕೇಳಿಸಿತು.

ತಮ್ಮ ಸೋಸುವ ಬಟ್ಟೆಯನ್ನು ಅವರೇ ಎರಡು ಮಡಿಕೆ ಮಾಡಿ ಕೊಡಪಾನದ ಬಾಯಿಗೆ ಕಟ್ಟಿದರು. ಅಕ್ಕ ಹಂಡೆಯ ನೀರು ಹೊಯ್ದಳು. ಬಟ್ಟೆಯ ಮೇಲೆ ಕಪ್ಪು ಹುಡಿ ನಿಂತು, ಕೆಳಗೆ ತಿಳಿಯಾದ ನೀರು ಇಳಿಯಿತು. ನಾನು ಸೂಜಿಯಿಂದ ತೂತುಗಳನ್ನು ಬಿಡಿಸಿ, ಆ ನೀರಿನಲ್ಲಿ ಓಟೆ ಮುಳುಗಿಸಿ ಮೆಲ್ಲಗೆ ಎಳೆದೆ.

ಈ ಸಲ ಏಳೂ ತೂತು ತೆರೆದವು. ನೀರು ಮೇಲಕ್ಕೆ ಹೋಗಿ, ಅಡ್ಡ ಮರಕ್ಕಿಂತ ಒಂದು ಗೇಣು ಮೇಲೆ ಹರಡಿ, ಹಿಂಡಿನ ಮೇಲೆ ತುಂತುರಾಗಿ ಇಳಿಯಿತು. ಸಂಜೆಯ ಬಿಸಿಲು ಅದರಲ್ಲಿ ಹೊಳೆಯಿತು. ಎರಡನೆಯ ಸಲ, ಮೂರನೆಯ ಸಲ ಹಾರಿಸಿದೆ. ಗುಂಯ್ ಶಬ್ದ ಇಳಿಯತೊಡಗಿತು. ಸುತ್ತ ಹಾರುತ್ತಿದ್ದವು ಒಂದೊಂದಾಗಿ ಬಂದು ಹಿಂಡಿಗೆ ಸೇರಿಕೊಂಡವು, ಅದು ನಮ್ಮ ಕಣ್ಣೆದುರೇ ಸಣ್ಣದಾಗಿ ಗಟ್ಟಿಯಾಯಿತು. ಮಳೆ ಬಂತೆಂದು ಅವು ನಂಬಿದ್ದವು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ, ಮಾಸ್ಟ್ರು ಸಾಕೆಂದು ಸನ್ನೆ ಮಾಡಿ ಬಾವಿಕಟ್ಟೆ ಹತ್ತಿದರು. ಅಪ್ಪ ಅವರ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದುಕೊಂಡರು. ಬುಟ್ಟಿಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ, ಇಡೀ ಹಿಂಡು ಅದರೊಳಗೆ ಬಂದ ಮೇಲೆ, ಒಂದು ಸೊಪ್ಪಿನ ಗೆಲ್ಲಿನಿಂದ ಮರಕ್ಕೆ ಅಂಟಿದ ನೊಣಗಳನ್ನು ಸವರಿದರು. ಬುಟ್ಟಿಯ ಬಾಯಿಗೆ ಬಟ್ಟೆ ಮುಚ್ಚಿ ಅವರು ಕೆಳಗಿಳಿದ ಮೇಲೆ ಅಜ್ಜಿ ಬಾವಿಯೊಳಗೆ ಬಗ್ಗಿ ನೋಡಿದರು. ನೀರಿನ ಮೇಲೆ ಒಂದು ಒಣ ಎಲೆ ಬಿಟ್ಟರೆ ಏನೂ ತೇಲುತ್ತಿರಲಿಲ್ಲ.

ಜೇನನ್ನು ಬಾಯಿಗೆ ಹಾಕದ ನಮ್ಮ ಮನೆಯವರು ಮಾಸ್ಟ್ರಿಗೆ ಒಂದು ಬುಟ್ಟಿ ಜೇನುನೊಣ ಕೊಟ್ಟು ಕಳಿಸಿದರು. ಅಪ್ಪ ನೀರು ಸೇದಿದರು. ಹೊತ್ತು ಗುಡ್ಡದ ಮೇಲೆ ಒಂದು ಕೈಯಷ್ಟು ಉಳಿದಿತ್ತು. ನಾವೆಲ್ಲ ಅವಸರ ಮಾಡುತ್ತಿದ್ದರೂ ಅಜ್ಜಿ ಬೇರೆ ಬಟ್ಟೆ ತಂದು ಸಾವಕಾಶವಾಗಿ ಸೋಸಿದರು, ಬಟ್ಟೆಯಲ್ಲಿ ಸಿಕ್ಕ ಜೀವಗಳು ಬದುಕಿಕೊಳ್ಳಲೆಂದು ಅದನ್ನು ತೊಳೆದ ನೀರನ್ನು ಸಣ್ಣ ಪಾತ್ರೆಯಲ್ಲಿ ಮತ್ತೆ ಬಾವಿಗೇ ಇಳಿಸಿದರು. ಆಮೇಲೆ ಕುಡಿದರು. ಒಂದು ಲೋಟ, ಎರಡು ಲೋಟ. ಗಂಟಲಿನಲ್ಲಿ ನೀರು ಇಳಿಯುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಅನ್ನ, ಹೆಸರುಬೇಳೆ ಸಾರು ಬಡಿಸಿದವಳು ಅಕ್ಕ. ಅಜ್ಜಿ ಕೈ ತೊಳೆಯುವಾಗಲೂ ಹೊರಗೆ ಬೆಳಕಿತ್ತು.

ಕೈ ತೊಳೆದು ಬಂದವರು ಆ ಸಾಮಾನು ಎಲ್ಲಿ, ತೋರಿಸು ಎಂದರು. ನಾನು ಓಟೆಯನ್ನು ತುಂಬಿಸಿಯೇ ಕೊಟ್ಟೆ. ಅವರು ತಿರುಗಿಸಿ ನೋಡಿದರು, ತೂತುಗಳನ್ನು ಬೆರಳಿನಿಂದ ಎಣಿಸಿದರು. ಅಂಗಳದಲ್ಲಿ ಅಪ್ಪ ನಮಗೆ ಬೆನ್ನು ಹಾಕಿ ಹಗ್ಗ ಸುತ್ತುತ್ತಿದ್ದರು. ಅಜ್ಜಿ ಒಮ್ಮೆ ನನ್ನ ಮುಖ ನೋಡಿ, ಕೋಲನ್ನು ಎದೆಗೆ ಒತ್ತಿ ದೂಡಿದರು. ಅಪ್ಪನ ಬೆನ್ನೆಲ್ಲ ಒದ್ದೆಯಾಯಿತು. ಅಪ್ಪ ಸಿಟ್ಟಿನಿಂದ ತಿರುಗಿದವರು, ಓಟೆ ಯಾರ ಕೈಯಲ್ಲಿದೆ ಎಂದು ನೋಡಿ ಹಗ್ಗ ಕೆಳಗೆ ಬಿಟ್ಟರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೆಗಲು ಕುಣಿಯುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಇನ್ನೊಮ್ಮೆ ತುಂಬಿಸಿ ಕೊಡು ಎಂದರು.

ಮೊಮ್ಮಕ್ಕಳೇ, ಮೆಲ್ಕಾರ್ ಪೇಟೆಯ ಅಂಗಡಿಯಿಂದ ನೀವು ತಂದ ನೀರಿನ ಗನ್ನನ್ನು ನೀವು ಶಾಲೆಗೆ ಹೋದಾಗ ನಾನು ಬಿಚ್ಚಿ ನೋಡಿದ್ದೇನೆ. ಅದರ ಮೂತಿಯನ್ನು ಒಂದು ಕಡೆ ತಿರುಗಿಸಿದರೆ ನೀರು ರಸ್ತೆಯವರೆಗೆ ಹೋಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ತುಂತುರಾಗುತ್ತದೆ. ನಿಮಗೆ ಎರಡೂ ಉಂಟು, ಯಾವುದು ಬೇಕೆಂದು ಹಟ್ಟಿಯ ಹಿಂದೆ ಹೋಗಿ ನಿಲ್ಲಬೇಕಾಗಿಲ್ಲ. ನಲ್ಲಿ ತಿರುಗಿಸಿದರೆ ನೀರು, ಹಸಿವಾದಾಗ ಊಟ. ಒಳ್ಳೆಯದೇ ಆಯಿತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ನನ್ನದೊಂದು ದೂರು ಉಂಟು. ನೀವು ಆಡುವಾಗ ನಾನು ಜಗಲಿಯ ಕುರ್ಚಿಯಲ್ಲಿ ಕೂತಿರುತ್ತೇನೆ. ಅಜ್ಜನಿಗೆ ಶೀತ ಆಗ್ತದೆ, ಆ ಕಡೆ ಹಾರಿಸಬೇಡಿ ಎಂದು ನಿಮ್ಮ ಅಮ್ಮ ಹೇಳುತ್ತಾಳೆ, ನೀವೂ ಹೇಳಿದ ಮಾತು ಕೇಳುತ್ತೀರಿ. ಆ ದಿನದ ನನ್ನ ಅಜ್ಜಿಗಿಂತ ಈಗ ನಾನೇ ಎರಡು ವರ್ಷ ದೊಡ್ಡವನು. ಇವತ್ತು ಸಂಜೆ ಗನ್ನನ್ನು ತುಂಬಿಸಿ ನನ್ನ ಕೈಗೂ ಒಮ್ಮೆ ಕೊಡಿ. ಯಾರ ಮೇಲೆ ಹಾರಿಸುತ್ತೇನೆ ಎಂದು ಮಾತ್ರ ಮೊದಲೇ ಕೇಳಬೇಡಿ.